ನಾನು ಬಿಟ್ಟು ಓದಿದ ಪುಟ

ನಾನು ಮತ ಹಾಕದ ಅಭ್ಯರ್ಥಿಯೊಬ್ಬರನ್ನು ಈಗಲೂ ಕೈಮುಗಿದು ನೆನೆಯುತ್ತೇನೆ. ಹೀಗೆ ಹೇಳಿದರೆ ನಮ್ಮ ಮನೆಯವರು ನಗುತ್ತಾರೆ. ನಗಲಿ. ಆ ಅಭ್ಯರ್ಥಿಯ ಮಾತುಗಳಲ್ಲಿ ಅರ್ಧಕ್ಕರ್ಧ ನನಗೆ ಅಂದೂ ಒಪ್ಪಿಗೆಯಾಗಿರಲಿಲ್ಲ, ಇಂದೂ ಆಗಿಲ್ಲ. ಆದರೂ ನಮ್ಮ ಮನೆಯಲ್ಲಿ ಅವರಿಂದ ಆದ ಉಪಕಾರ, ನಾನು ಮತ ಹಾಕಿದ ಯಾರಿಂದಲೂ ಆಗಲಿಲ್ಲ.

ಅವರು ಹರಪನಹಳ್ಳಿ ಕೋರ್ಟಿನಲ್ಲಿ ಬಹಳ ವರ್ಷ ವಕೀಲಿಕೆ ಮಾಡಿ, ವಯಸ್ಸಾದ ಮೇಲೆ ಕೊಟ್ಟೂರಿಗೆ ಬಂದು ನೆಲೆಸಿದ್ದವರು. ಅಣುಬಾಂಬಿನ ಪರೀಕ್ಷೆಯಾದ ಮರುವರ್ಷ ಲೋಕಸಭೆಗೆ ಚುನಾವಣೆ ಬಂತಲ್ಲ, ಆಗ ಯಾವ ಪಕ್ಷದ ಹಂಗೂ ಬೇಡವೆಂದು ಸ್ವತಂತ್ರವಾಗಿ ನಿಂತರು. ಸಿಕ್ಕ ಚಿಹ್ನೆ ಕಪಾಟು. ನಾನು ಆಗ ಬಿ.ಎ. ಮುಗಿಸಿ, ಕೊಟ್ಟೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು, ಅಲ್ಲಿನ ಟೈಪಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಒಂದು ಮಧ್ಯಾಹ್ನ ವಕೀಲರು ಎಂಟು ಹಾಳೆ ತಂದು ನನ್ನ ಮೇಜಿನ ಮೇಲಿಟ್ಟರು. ದೇಶ ಹೇಗಿರಬೇಕು ಎಂಬುದರ ಬಗ್ಗೆ ಎಂಟು ವಿಷಯ, ಒಂದೊಂದಕ್ಕೆ ಒಂದೊಂದು ಪುಟ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ.

ಟೈಪ್ ಮಾಡುತ್ತಾ ನನಗೆ ತಲೆ ಬಿಸಿಯಾಯಿತು. ಬಾಂಬಿನ ಪರೀಕ್ಷೆ ಮಾಡಿದ್ದು ಸರಿ, ಇನ್ನೂ ಮೊದಲೇ ಮಾಡಬೇಕಿತ್ತು ಎನ್ನುವುದು ಒಂದನೇ ಪುಟ. ವಿದೇಶಿ ಕಂಪನಿಗಳ ಬೀಜ ಬೇಡ, ಬಣ್ಣದ ನೀರಿನ ಬಾಟಲಿಯೂ ಬೇಡ. ಸಾರಾಯಿ ಇಡೀ ದೇಶದಲ್ಲಿ ಬಂದ್ ಆಗಬೇಕು. ಸರ್ಕಾರ ಪುಕ್ಕಟೆ ಹಂಚುವುದನ್ನು ನಿಲ್ಲಿಸಬೇಕು. ಕೂಡುಕುಟುಂಬದ ವಿಷಯಕ್ಕೆ, ಊರಿನ ನಡವಳಿಕೆಗೆ ದಿಲ್ಲಿ ಕೈ ಹಾಕಬಾರದು. ಹೀಗೆ ಸಾಗಿತ್ತು. ಐದನೇ ಪುಟದಲ್ಲಿ, ಲೋಕಸಭೆಯಲ್ಲೂ ವಿಧಾನಸಭೆಯಲ್ಲೂ ಹೆಣ್ಣುಮಕ್ಕಳಿಗೆ ಸೀಟು ಮೀಸಲಿಡುವ ಮಸೂದೆಗೆ ತಮ್ಮ ವಿರೋಧವಿದೆ ಎಂದು ಬರೆದಿದ್ದರು.

ನಾನು ಬಾಯಿ ಬಿಗಿಹಿಡಿದು ಕೂರುವವಳಲ್ಲ. ಐದನೇ ಪುಟ ನನಗೆ ಹಿಡಿಸಲಿಲ್ಲ ಎಂದೆ. ನಮ್ಮವ್ವ ಹಿರೇಹಡಗಲಿ ಹತ್ತಿರದ ನಮ್ಮೂರಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷೆ, ಮೀಸಲು ಇಲ್ಲದಿದ್ದರೆ ಅವಳನ್ನು ಯಾರು ಕೇಳುತ್ತಿದ್ದರು ಎಂದೂ ಹೇಳಿದೆ. ವಕೀಲರು ಸಿಟ್ಟಾಗಲಿಲ್ಲ. ಕನ್ನಡಕದ ಮೇಲಿಂದ ನೋಡಿ ಒಂದೇ ಪ್ರಶ್ನೆ ಕೇಳಿದರು.

"ನಿಮ್ಮ ತಾಯಿ ಆ ಕುರ್ಚಿ ಮೇಲೆ ಕೂತ್ಕೊಂತಾರೇನಮ್ಮ?"

ಅವ್ವ ಕೂರುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ದೊಡ್ಡಪ್ಪನದು, ಎಂದರೆ ಅಪ್ಪನ ಅಣ್ಣನದು. ನಮ್ಮ ಕಡೆ ಭಾವನ ಎದುರು ತಮ್ಮನ ಹೆಂಡತಿ ಕುರ್ಚಿಯಲ್ಲಿ ಕೂರುವುದಿಲ್ಲ. ನೇರವಾಗಿ ಮಾತೂ ಆಡುವುದಿಲ್ಲ. ಹೇಳಬೇಕಾದ್ದನ್ನು ಮಕ್ಕಳ ಮೂಲಕವೋ ಗೋಡೆಗೆ ಹೇಳಿದ ಹಾಗೋ ಹೇಳಬೇಕು. ಪಂಚಾಯಿತಿ ಮೀಟಿಂಗಿಗೆ ದೊಡ್ಡಪ್ಪ ಬರುತ್ತಿದ್ದರು, ಅಧ್ಯಕ್ಷರ ಕುರ್ಚಿಯಲ್ಲಿ ಕೂರುತ್ತಿದ್ದರು, ಕಾಗದ ಓದುತ್ತಿದ್ದರು. ಅವ್ವ ಬಾಗಿಲ ಹಿಂದೆ ಸೆರಗು ಹೊದ್ದು ನಿಂತಿದ್ದು, ಕೊನೆಗೆ ಕಾರ್ಯದರ್ಶಿ ನಡಾವಳಿ ಪುಸ್ತಕ ತಂದಾಗ ಸಹಿ ಮಾಡುತ್ತಿದ್ದಳು. ನಾಲ್ಕನೇ ಇಯತ್ತೆ ಓದಿದ್ದಳು. ಸಾಲಿನ ಕೆಳಗೆ ಬೆರಳಿಟ್ಟು ನಿಧಾನಕ್ಕೆ ಎಲ್ಲವನ್ನೂ ಓದಬಲ್ಲಳು. ಆದರೆ ಅವಳಿಗೆ ಓದಲು ಕೊಡುವ ಪುರುಸೊತ್ತು ಯಾರಿಗಿತ್ತು?

ಆಗ ವಕೀಲರಿಗೆ ಗಂಟಲಿನ ಬೇನೆ. ಜೋರಾಗಿ ಮಾತಾಡಕೂಡದೆಂದು ದಾವಣಗೆರೆಯ ಡಾಕ್ಟರು ಹೇಳಿದ್ದರು. ನಾನು ಟೈಪ್ ಮಾಡಿದ್ದನ್ನು ಓದಿ ತೋರಿಸಿದ್ದು ಕೇಳಿ, ಜೀಪಿನಲ್ಲಿ ಬಂದು ಊರೂರಲ್ಲಿ ಓದುತ್ತೀಯಾ ಎಂದು ಕೇಳಿದರು. ಒಪ್ಪಿಗೆಯಿಲ್ಲದ್ದನ್ನು ಹೇಗೆ ಓದಲಿ ಎಂದೆ. ಒಪ್ಪಬೇಡ, ಸ್ಪಷ್ಟವಾಗಿ ಓದು ಸಾಕು ಎಂದರು. ಕ್ಲಾಸಿಗೆ ಹೇಗೂ ಮಕ್ಕಳು ಕಡಿಮೆಯಿದ್ದರು, ಊರು ತಿರುಗುವ ಆಸೆಯೂ ನನಗಿತ್ತು. ಹೊರಟುಬಿಟ್ಟೆ.

ಜೀಪು, ಮೈಕ್ ಸೆಟ್ಟು ಎರಡೂ ಬಸ್‌ಸ್ಟ್ಯಾಂಡ್ ಹತ್ತಿರ ಗ್ಯಾರೇಜ್ ಇಟ್ಟಿದ್ದ ಸಾಬಣ್ಣನವು. ಸಾಬಣ್ಣ ಎನ್ನುವುದು ಎಲ್ಲರೂ ಕರೆಯುವ ರೀತಿ. ಓಡಿಸುವವನೂ ಅವನೇ. ಕಪಾಟಿನ ಚಿಹ್ನೆ ಕಂಡು ಕೂಡ್ಲಿಗಿ ಕಡೆಯ ಒಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳು, ನಮ್ಮ ಮನೆಯಲ್ಲಿ ಇಡಲು ಏನಿದೆ ಅಂತ ಕಪಾಟು ತಂದಿರಿ ಎಂದು ನಕ್ಕಾಗ, ಗೆದ್ದ ಮೇಲೆ ಒಳಗಿನ ಸಾಮಾನೂ ತರುತ್ತೇವೆ ಎಂದು ಅವನು ಸಮಾಧಾನ ಹೇಳಿದ. ವಕೀಲರು ಮಾತ್ರ ಹಾಗೆಲ್ಲ ಮಾತು ಕೊಡಬೇಡ ಎಂದು ಅವನನ್ನು ಗದರಿಸಿದರು.

ವಕೀಲರ ಪ್ರಚಾರಕ್ಕೆ ಒಂದು ಕಟ್ಟುಪಾಡಿತ್ತು. ನಾನು ಒಂದು ಪುಟ ಓದಿ ನಿಲ್ಲಿಸಬೇಕು. ಜನ ಪ್ರಶ್ನೆ ಕೇಳಬೇಕು. ಅದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಅವರು ನನ್ನ ಕಿವಿಯಲ್ಲಿ ಉತ್ತರ ಹೇಳಿದರೆ ನಾನು ಮೈಕಿನಲ್ಲಿ ಹೇಳಬೇಕು. ಉತ್ತರ ಕೊಡದೆ ಊರು ಬಿಡುವಂತಿಲ್ಲ. ಒಬ್ಬ ಮುದುಕ ಬಾಂಬಿನಿಂದ ನಮ್ಮ ಬೋರಿಗೆ ನೀರು ಬರುತ್ತದೆಯೇ ಎಂದು ಕೇಳಿದ. ಜನ ಗೊಳ್ಳೆಂದರು. ವಕೀಲರು ನಗದೆ, ಬರುವುದಿಲ್ಲ ಎಂದು ಹೇಳಿಸಿದರು. ಗಡಿ ಗಟ್ಟಿಯಿರುವುದು ಬೇರೆ, ನೀರು ಬೇರೆ, ಎರಡನ್ನೂ ಒಂದೇ ಎಂದು ಹೇಳುವವರನ್ನು ನಂಬಬೇಡಿ ಎಂದೂ ಹೇಳಿಸಿದರು. ಹಗರಿಬೊಮ್ಮನಹಳ್ಳಿ ಸಂತೆಯಲ್ಲಿ ಸಾರಾಯಿ ಪುಟ ಓದಿದಾಗ ಹೆಂಗಸರೆಲ್ಲ ಹತ್ತಿರ ಬಂದರು, ಗಂಡಸರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಇಂಥ ಮನುಷ್ಯ ಗೆಲ್ಲುವುದಿಲ್ಲ ಎಂದು ನನಗೆ ಎರಡನೇ ದಿನವೇ ಗೊತ್ತಾಯಿತು. ಹೊತ್ತು ಹೊತ್ತಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸುತ್ತಿದ್ದರು, ತಾವು ಬಿಸಿನೀರು ಕುಡಿಯುತ್ತಿದ್ದರು. ಅವರ ಮೇಲೆ ನನಗೆ ಮನಸ್ಸಿಲ್ಲದ ಮನಸ್ಸಿನಿಂದ ಗೌರವ ಹುಟ್ಟುತ್ತಿತ್ತು.

ಹಡಗಲಿ ಕಡೆ ತಿರುಗಿದ ಮೇಲೆ ನಮ್ಮೂರು ಬರುವುದಿತ್ತು. ಅಲ್ಲಿ ಐದನೇ ಪುಟ ಓದಿದರೆ ಅದು ಅವ್ವನ ಮೇಲೇ ಬರೆದ ಹಾಗೆ ಕೇಳಿಸುತ್ತದೆ. ಅದೂ ಮಗಳ ದನಿಯಲ್ಲಿ, ಮೈಕಿನಲ್ಲಿ, ಇಡೀ ಊರಿನ ಮುಂದೆ. ಅವಳ ಮರ್ಯಾದೆ ಮಣ್ಣುಪಾಲಾಗುತ್ತದೆ. ದೊಡ್ಡಪ್ಪ ರೇಗಿದರೆ ಇರುವ ಸಹಿಯೂ ಹೋಗಬಹುದು, ರಾಜೀನಾಮೆ ಬರೆಸಿಬಿಡಬಹುದು. ಅದಕ್ಕೇ ನಾನೊಂದು ಉಪಾಯ ಮಾಡಿದೆ. ನಾಲ್ಕರಿಂದ ನೇರ ಆರಕ್ಕೆ ಹಾರುವುದು.

ಸಂಜೆ ಐದರ ಹೊತ್ತು. ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಗಂಡಸರು, ಮುಂದಿನ ಸಾಲಿನಲ್ಲಿ ದೊಡ್ಡಪ್ಪ. ಹೆಂಗಸರು ಆಚೆ ಗೋಡೆಯ ಮಗ್ಗುಲಲ್ಲಿ, ಅವರ ನಡುವೆ ಅವ್ವ. ಮಗಳು ಮೈಕ್ ಹಿಡಿದಿದ್ದನ್ನು ನೋಡಿ ಅವಳ ಮುಖ ಅರಳಿತ್ತು. ನಾನು ನಾಲ್ಕು ಪುಟ ಓದಿ, ಎರಡು ಹಾಳೆ ಒಟ್ಟಿಗೆ ಮಗುಚಿ, ಆರನೆಯದನ್ನು ಶುರುಮಾಡಿದೆ. ವಕೀಲರು ನನ್ನ ಮೊಣಕೈ ಮುಟ್ಟಿದರು. ಒಂದು ಬಿಟ್ಟೆಯಲ್ಲಮ್ಮ ಎಂದರು. ಹಾಳೆ ಅಂಟಿಕೊಂಡಿತ್ತು ಎಂದು ಸುಳ್ಳು ಹೇಳಿದೆ. ಅವರು ಮೈಕಿಗೆ ಕೈ ಅಡ್ಡ ಹಿಡಿದು, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು.

"ಏಳೂರಲ್ಲಿ ಹೇಳಿ ನಿಮ್ಮೂರಲ್ಲಿ ಬಿಟ್ರೆ, ಆ ಏಳೂರಲ್ಲೂ ನಾನು ಹೇಳಿದ್ದು ಸುಳ್ಳಾಗ್ತೈತೆ. ನಿಂಗೆ ಕಷ್ಟ ಆದ್ರೆ ಕೊಡು, ನಾನೇ ಓದ್ತೀನಿ."

ಓದಲು ಹೋದರು. ಒಡೆದ ಪೀಪಿಯ ಹಾಗೆ ಗಾಳಿ ಬಂತೇ ಹೊರತು ಮಾತು ಬರಲಿಲ್ಲ. ಹಿಂದಿನಿಂದ ಯಾರೋ, ಕೇಳಿಸುತ್ತಿಲ್ಲ ಎಂದು ಕೂಗಿದರು. ಅವರು ಮತ್ತೆ ಪ್ರಯತ್ನಪಟ್ಟರು. ಕತ್ತಿನ ನರ ಉಬ್ಬಿ ಕಣ್ಣಲ್ಲಿ ನೀರು ಬಂತು. ನನಗೆ ನೋಡಲಾಗಲಿಲ್ಲ. ಹಾಳೆ ಕಿತ್ತುಕೊಂಡು ನಾನೇ ಓದಿದೆ. ಪಂಚಾಯಿತಿಯಲ್ಲಿ ಹೆಣ್ಣುಮಗಳಿಗೆ ಕುರ್ಚಿ ಕೊಟ್ಟೆವು, ಅದರಲ್ಲಿ ಕೂತವರು ಗಂಡಂದಿರು, ಭಾವಂದಿರು. ಹೆಣ್ಣುಮಗಳದು ಸಹಿ ಮಾತ್ರ. ಇದೇ ಮೋಸವನ್ನು ದಿಲ್ಲಿಯವರೆಗೆ ಒಯ್ಯುವ ಕಾನೂನು ಬೇಡ. ಓದುತ್ತಾ ನನ್ನ ಕಿವಿ ಸುಡುತ್ತಿತ್ತು. ಮುಗಿಸಿ ತಲೆ ಎತ್ತಲಿಲ್ಲ.

ಹೆಂಗಸರ ಕಡೆಯಿಂದ ಬಳೆಯ ಸದ್ದಾಯಿತು. ಅವ್ವ ಗೋಡೆ ದಾಟಿ ಜೀಪಿನ ಹತ್ತಿರ ಬಂದಳು. ಭಾವನ ಎದುರು ಮಾತಾಡುವ ಹಾಗಿಲ್ಲವಲ್ಲ, ಅದಕ್ಕೆ ಕಟ್ಟೆಗೆ ಬೆನ್ನು ಮಾಡಿ, ಸೆರಗು ಎಳೆದುಕೊಂಡು, ವಕೀಲರ ಕಡೆ ತಿರುಗಿ ನಿಂತಳು. ನಾನು ಮೈಕ್ ಕೊಡಲು ಹೋದರೆ ಬೇಡ ಎಂದು ಸರಿಸಿದಳು.

"ವಕೀಲ್ರ, ನೀವು ಬರದದ್ದು ಖರೇ ಐತ್ರಿ. ನಾನು ಅಧ್ಯಕ್ಷಿ ಆಗಿ ಎರಡು ವರ್ಷ ಆತು, ಒಂದಿನಾನೂ ಆ ಕುರ್ಚಿ ಮ್ಯಾಲ ಕುಂತಿಲ್ಲ. ಭಾವಾರ ಮುಂದ ಕುಂದ್ರೂದು ನಮ್ಮ ಮನ್ಯಾಗ ಇಲ್ಲ. ಅದಕ್ಕ ಕುರ್ಚೀನ ತಗೀರಿ ಅಂತೀರಿ. ಭಾವಾರು ಹೊರಗ ಕುಂದರ್ಲಿ ಅಂತ ಯಾಕ ಬರೀಲಿಲ್ರಿ?"

ಯಾರೂ ನಗಲಿಲ್ಲ. ವಕೀಲರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕೋರ್ಟಿನಲ್ಲಿ ಎಷ್ಟು ವಾದ ಮಾಡಿದ್ದರೋ. ಕೊನೆಗೆ ನನ್ನ ಕಿವಿಗೆ ಬಾಯಿ ತಂದು, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಎಂದು ಮೈಕಿನಲ್ಲಿ ಹೇಳು ಎಂದರು. ಹೇಳಿದೆ. ಪ್ರಶ್ನೆಯನ್ನು ನಿಮ್ಮ ತಾಯಿ ಆಡಿದ ಮಾತಿನಲ್ಲೇ ಬರೆದುಕೋ ಎಂದರು. ಬರೆದುಕೊಂಡೆ. ಆಮೇಲೆ ಅವ್ವನಿಗೆ ಕೈ ಮುಗಿದರು. ದೊಡ್ಡಪ್ಪ ಹೆಗಲ ಮೇಲಿನ ಟವೆಲ್ಲು ಕೊಡವಿಕೊಂಡು, ಯಾರನ್ನೂ ಮಾತಾಡಿಸದೆ ಮನೆಯ ಕಡೆ ನಡೆದರು.

ವಕೀಲರು ತಮ್ಮ ನಿಲುವು ಬದಲಿಸಲಿಲ್ಲ. ಬದಲಿಸಿದ್ದರೆಂದು ಬರೆದರೆ ಅವರಿಗೆ ಅನ್ಯಾಯ ಮಾಡಿದ ಹಾಗೆ. ಆದರೆ ಮರುದಿನದಿಂದ ಮೈಲಾರದ ಕಡೆಯ ಒಂದೊಂದು ಹಳ್ಳಿಯಲ್ಲೂ ಐದನೇ ಪುಟ ಆದ ಮೇಲೆ ಅವ್ವನ ಪ್ರಶ್ನೆಯನ್ನೂ ಓದಿಸಿದರು. ಒಬ್ಬ ಹೆಣ್ಣುಮಗಳು ಕೇಳಿದ್ದು ಇದು, ಅಭ್ಯರ್ಥಿಯ ಬಳಿ ಇದಕ್ಕೆ ಉತ್ತರವಿಲ್ಲ ಎಂದು ನಾನು ಮೈಕಿನಲ್ಲಿ ಹೇಳಬೇಕು. ಹೀಗೆ ಪ್ರಚಾರ ಮಾಡಿದರೆ ಎದುರಾಳಿಗಳಿಗೆ ಕೆಲಸವೇ ಇರುವುದಿಲ್ಲ ಎಂದು ಸಾಬಣ್ಣ ತಲೆ ಚಚ್ಚಿಕೊಳ್ಳುತ್ತಿದ್ದ. ನನಗೆ ಮಾತ್ರ ಆ ಎರಡು ಸಾಲು ಓದುವಾಗ ಎದೆ ಉಬ್ಬುತ್ತಿತ್ತು. ನಮ್ಮವ್ವನ ಮಾತು ನನ್ನ ದನಿಯಲ್ಲಿ ಊರೂರು ತಿರುಗುತ್ತಿತ್ತು, ಅದೂ ಅವಳನ್ನು ಒಪ್ಪದವರ ಮೈಕಿನಲ್ಲಿ.

ಅವರು ಸೋತರು. ಹೀನಾಯವಾಗಿಯೇ ಸೋತರು. ನೋಟ್‌ಬುಕ್ಕು ಕೊಡಲು ಮನೆಗೆ ಹೋದಾಗ, ನಾನು ನಿಮಗೆ ಮತ ಹಾಕಲಿಲ್ಲ ಸರ್ ಎಂದು ಹೇಳಿಯೇಬಿಟ್ಟೆ. ಅದು ಓದುವ ದನಿಯಲ್ಲೇ ಗೊತ್ತಾಗುತ್ತಿತ್ತು ಎಂದು ನಕ್ಕು, ಹೆಂಡತಿಯನ್ನು ಕರೆದು ನನಗೆ ಚಹಾ ಮಾಡಿಸಿದರು.

ಮುಂದಿನ ಪಂಚಾಯಿತಿ ಮೀಟಿಂಗಿನ ದಿನ ನಾನು ಊರಿಗೆ ಹೋಗಿದ್ದೆ. ಪಕ್ಕದ ಮನೆಯಲ್ಲೇ ಇದ್ದರೂ ದೊಡ್ಡಪ್ಪ ಅಷ್ಟು ದಿನವೂ ನಮ್ಮ ಮನೆಗೆ ಬಂದಿರಲಿಲ್ಲ. ರಾಜೀನಾಮೆ ಕಾಗದ ಹಿಡಿದೇ ಬರುತ್ತಾರೆಂದು ನಾನು ಅಂದುಕೊಂಡಿದ್ದೆ. ಪಂಚಾಯಿತಿ ಕಚೇರಿಯಲ್ಲಿ ಅವ್ವ ಎಂದಿನ ಹಾಗೆ ಬಾಗಿಲ ಚೌಕಟ್ಟು ಹಿಡಿದು ನಿಂತಳು. ದೊಡ್ಡಪ್ಪ ಒಳಗೆ ಬಂದು, ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತರು. ಆಮೇಲೆ ಅವ್ವನಿಗೆ ಕೇಳಲಿ ಎಂದೇ ಕಾರ್ಯದರ್ಶಿಗೆ ಹೇಳಿದರು.

"ಒಳಗ ಭಾಳ ಸೆಕಿ ಐತಿ. ನಾನು ಹೊರಗ ಬೇವಿನ ಗಿಡದ ಕೆಳಗ ಕುಂದರ್ತೀನಿ."

ಹೊರಗೆ ಹೋದರು. ಅವ್ವ ಒಳಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತಳು. ನಡಾವಳಿ ಪುಸ್ತಕ ಇಸಿದುಕೊಂಡು ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. ಅರ್ಧ ತಾಸಿನ ಮೀಟಿಂಗು ಮಧ್ಯಾಹ್ನ ದಾಟಿತು. ಒಂದು ಠರಾವಿಗೆ ಸಹಿ ಮಾಡದೆ, ಮುಂದಿನ ಸಲ ವಿವರ ತನ್ನಿ ಎಂದು ಹೊಳ್ಳಿ ಕಳಿಸಿದಳು. ದೊಡ್ಡಪ್ಪ ಅಷ್ಟು ಹೊತ್ತೂ ಗಿಡದ ಕೆಳಗೇ ಕೂತಿದ್ದರು. ಆ ದೊಡ್ಡ ಮನಸ್ಸಿಗೂ ನಾನು ಋಣಿಯೇ.

ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಜಂಬ ಕೊಚ್ಚಿದೆ. ಅವತ್ತು ಆ ಪುಟವನ್ನು ನಾನು ಬಿಟ್ಟುಬಿಟ್ಟಿದ್ದೆ, ನಿನಗೆ ಅವಮಾನ ಆಗಬಾರದೆಂದು ಎಷ್ಟು ಒದ್ದಾಡಿದೆ ಗೊತ್ತಾ ಎಂದೆ. ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿದಳು.

"ನಿಮ್ಮ ದೊಡ್ಡಪ್ಪಾರು ನನ್ನ ಬದಲಿಗಿ ಓದ್ತಿದ್ರು. ನಾನು ಕೇಳಬಾರ್ದು ಅಂತ ನೀನು ಓದೂದ ಬಿಟ್ಟಿ. ಎಲ್ಲಾ ಕೇಳಿ ಇಕಿ ಜವಾಬು ಕೊಡ್ತಾಳ ಅಂತ ತಿಳಕೊಂಡವರು ಆ ವಕೀಲ್ರು ಒಬ್ರ ನೋಡವ."

ಬಿಸಿ ರೊಟ್ಟಿ ನನ್ನ ತಾಟಿಗೆ ಹಾಕಿದಳು. ನಾನು ತಲೆ ತಗ್ಗಿಸಿ ತಿಂದೆ.