ಸರೋಜ ಹತ್ತದ ಹಿಮದ ಬೆಟ್ಟ

ಸರೋಜಾ, ಆ ದಿನ ಬೆಟ್ಟದ ಟಿಕೆಟ್ ಕೌಂಟರಿನಿಂದ ವಾಪಸು ಬಂದು ನಾನು ನಿನಗೆ ಹೇಳಿದ್ದು ಸುಳ್ಳು. ಟೂರ್ ಮ್ಯಾನೇಜರ್ ಪ್ರಕಾಶ ನಮಗೆ ಮೋಸ ಮಾಡುತ್ತಿರಲಿಲ್ಲ. ಕೌಂಟರಿನ ಬೋರ್ಡಿನಲ್ಲಿದ್ದ ದರ ಅವನು ಕೇಳಿದ್ದಕ್ಕಿಂತ ಹೆಚ್ಚೇ ಇತ್ತು. ಅದನ್ನು ನಾನು ಕಣ್ಣಾರೆ ನೋಡಿದೆ — ನೋಡಿಯೂ ನಿನ್ನನ್ನು ಕೆಳಗೇ ಕೂರಿಸಿದೆ.

ಇಷ್ಟು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಎದುರಿಗೆ ಕೂತು ಹೇಳಿಬಿಡೋಣವೆಂದು ನಿಟ್ಟೂರಿಗೆ ಎಷ್ಟೋ ಸಲ ಬಂದಿದ್ದೇನೆ. ನಾನು ಬಂದಾಗಲೆಲ್ಲ ನೀನು ಕಾಫಿ ಕೊಟ್ಟು, ನಿನ್ನ ಗಂಡನ ಜೊತೆ ಮನೆಯಲ್ಲಿ ಇನ್ಯಾರಿದ್ದರೆ ಅವರನ್ನೂ ಕರೆದು, ದೇವರ ಪಟದ ಫ್ರೇಮಿಗೆ ಸಿಕ್ಕಿಸಿಟ್ಟ ಆ ಯೂರೋ ನೋಟನ್ನು ತೋರಿಸುತ್ತೀಯ. "ನೋಡ್ರಿ, ಕಳ್ಳನ ಬಾಯಿಗೆ ಬೀಳೋ ದುಡ್ಡ ನಮ್ ಭಾವನೋರು ಉಳಿಸ್ಕೊಟ್ಟವ್ರೆ" ಎನ್ನುತ್ತೀಯ. ನಾನು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬರುತ್ತೇನೆ.

ನನ್ನ ಬುದ್ಧಿ ನಿನಗೆ ಗೊತ್ತಿರುವುದೇ. ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಚೆಕ್ ಮಾಡುತ್ತಲೇ ಅರ್ಧ ಆಯಸ್ಸು ಕಳೆದವನು ನಾನು. ಹಿರೇಹಳ್ಳಿ ಹತ್ತಿರ ಜೀಪು ನಿಲ್ಲಿಸಿ, ಕೈ ಅಡ್ಡ ಹಿಡಿದು ಬಸ್ಸು ಹತ್ತಿದರೆ ನನ್ನ ಕಣ್ಣಿಗೆ ಒಳಗಿದ್ದವರೆಲ್ಲ ಕಳ್ಳರೇ. ಕಂಡಕ್ಟರ್ ನಕ್ಕರೆ ಅನುಮಾನ, ನಗದಿದ್ದರೆ ಇನ್ನೂ ಅನುಮಾನ. ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ಸುಸ್ತಾಗಿ ನಿದ್ದೆ ಹೋದವನನ್ನೂ ಭುಜ ತಟ್ಟಿ ಎಬ್ಬಿಸುತ್ತಿದ್ದೆ — ನಾಟಕ ಆಡುತ್ತಿದ್ದಾನೆ ಎಂದು. ನಿವೃತ್ತಿಯಾದ ಮೇಲೆ ಸಂಬಳ ನಿಂತಿತು, ಅನುಮಾನ ನಿಲ್ಲಲಿಲ್ಲ. ಹಾಲಿನವನು, ಸೊಪ್ಪಿನವಳು, ಗ್ಯಾಸ್ ಸಿಲಿಂಡರ್ ತರುವವನು ಎಲ್ಲರೂ ನನ್ನ ಚೆಕಿಂಗ್‌ಗೆ ಸಿಕ್ಕಿಬಿದ್ದವರೇ. "ಅನುಮಾನಂ ಪೆದ್ದ ರೋಗಂ ಕಣ್ರೀ" ಎಂದು ನಿನ್ನ ಅಕ್ಕ ಲಲಿತ ಹೇಳಿದರೆ, ಇವಳಿಗೇಕೆ ಸೊಪ್ಪಿನವಳ ಮೇಲೆ ಇಷ್ಟು ಕನಿಕರ ಎಂದು ಅದರ ಮೇಲೂ ಒಂದು ಅನುಮಾನ.

ಇಂಥವನು ಫಾರಿನ್ ಟೂರ್ ಹೊರಟರೆ ಹೇಗಿರುತ್ತದೆ ಹೇಳು. ತುಮಕೂರಿನಲ್ಲಿದ್ದ ಟ್ರಾವೆಲ್ ಆಫೀಸುಗಳ ಮೆಟ್ಟಿಲನ್ನೆಲ್ಲ ಸವೆಸಿದೆ. ಬಣ್ಣದ ಪುಸ್ತಕಗಳನ್ನು ಮನೆಗೆ ತಂದು, ಚಿತ್ರ ಬಿಟ್ಟು ಸಣ್ಣಕ್ಷರವನ್ನೇ ಓದಿದೆ. ಯಾವುದು ಸೇರಿದೆ, ಯಾವುದು ಸೇರಿಲ್ಲ. ಊಟ ಎಷ್ಟು ಹೊತ್ತಿನದು. ಹೋಟೆಲ್ಲು ಊರೊಳಗೋ ಊರಾಚೆಯೋ. ಕೊನೆಗೆ ಎಲ್ಲಕ್ಕಿಂತ ಅಗ್ಗದ್ದನ್ನು ಹಿಡಿದೆ: ಇಲ್ಲಿಂದ ವಿಮಾನ, ಅಲ್ಲಿ ಊರಿಂದೂರಿಗೆ ಒಂದೇ ಬಸ್ಸು, ಜೊತೆಗೆ ಒಬ್ಬ ಮ್ಯಾನೇಜರ್. ಮೂವರು ಒಂದೇ ರೂಮಿನಲ್ಲಿ ಮಲಗಿದರೆ ತಲೆಗೆ ಇನ್ನೂ ಕಮ್ಮಿ ಎಂದರು. ಆಗ ನಿನ್ನ ನೆನಪಾಯಿತು, ಸರೋಜಾ. ಅಕ್ಕನಿಗೆ ಜೊತೆಯಾಗುತ್ತದೆಂದು ಭಾವನೇ ಮನಸ್ಸು ಮಾಡಿ ಕರೆದರು ಎಂದು ನೀನು ಊರೆಲ್ಲ ಹೇಳಿಕೊಂಡು ಬಂದೆಯಲ್ಲ — ನಾನು ಕರೆದದ್ದು ಆ ಮೂರನೆಯ ಹಾಸಿಗೆಗೆ. ಇದೂ ಇವತ್ತು ಹೇಳಿಬಿಡಬೇಕು.

ನೀನು ಕೂಡಿಟ್ಟ ದುಡ್ಡು ತಂದುಕೊಟ್ಟಾಗ ಕೇಳಿದ್ದು ಒಂದೇ. "ಭಾವ, ಅಲ್ಲಿ ಹಿಮ ಮುಟ್ಟಕ್ಕೆ ಸಿಗ್ತದಾ?" ಅಂಗನವಾಡಿಯಲ್ಲಿ ನೀನು ಗೋಡೆಯ ಚಿತ್ರದ ಬೆಟ್ಟಕ್ಕೆ ಹತ್ತಿ ಅಂಟಿಸಿ ಮಕ್ಕಳಿಗೆ ಹಿಮ ಎಂದು ತೋರಿಸುತ್ತಿದ್ದೆ. ಮುಟ್ಟಿದರೆ ಹೆಂಗಿರುತ್ತದೆ ಟೀಚರ್ ಎಂದು ಮಕ್ಕಳು ಪ್ರತಿವರ್ಷ ಕೇಳುತ್ತಿದ್ದವಂತೆ. ನಿವೃತ್ತಿಯಾಗುವವರೆಗೂ ನೀನು ತಣ್ಣಗಿರುತ್ತದೆ ಎಂದಷ್ಟೇ ಹೇಳಿ ಮಾತು ಮರೆಸುತ್ತಿದ್ದೆಯಂತೆ. "ಸಿಗ್ತದೆ ಬಾ, ಹೊಟ್ಟೆ ತುಂಬ ಮುಟ್ಟು" ಎಂದು ನಕ್ಕೆ ನಾನು. ಆದರೆ ಹಿಮದ ಬೆಟ್ಟ ನಮ್ಮ ಅಗ್ಗದ ಟೂರಿನಲ್ಲಿ ಸೇರಿರಲಿಲ್ಲ. ಬೇಕಾದವರು ಬೇರೆ ದುಡ್ಡು ಕೊಟ್ಟು ಹತ್ತಬೇಕಿತ್ತು. ಸಣ್ಣಕ್ಷರ ಓದಿದವನು ನಾನು, ನನಗೆ ಗೊತ್ತಿತ್ತು. ನಿನಗೆ ಹೇಳಲಿಲ್ಲ.

ಅಲ್ಲಿ ಬಸ್ಸು ಹತ್ತಿದ ಗಳಿಗೆಯಿಂದ ನನ್ನ ಕಣ್ಣು ಪ್ರಕಾಶನ ಮೇಲೆ. ದಿನಕ್ಕೊಂದು ಸೀಟು ಬದಲಾಯಿಸಿ ಕೂರಿ ಎಂದರೆ, ಮುಂದಿನ ಸೀಟಿಗೆ ಯಾರಿಂದಲೋ ಏನೋ ತಿಂದಿದ್ದಾನೆ ಎಂದುಕೊಂಡೆ. ಚಾಕೊಲೇಟ್ ಅಂಗಡಿ ಮುಂದೆ ಬಸ್ಸು ನಿಂತರೆ ಕಮಿಷನ್. ಡ್ರೈವರ್ ಹತ್ತಿರ ನೀರಿನ ಬಾಟಲಿ ಕೊಳ್ಳಿ ಎಂದರೆ ಅದರಲ್ಲೂ ಪಾಲು. ನಾನು ನಲ್ಲಿ ನೀರು ಹಿಡಿದುಕೊಂಡೆ, ನಿಮ್ಮಿಬ್ಬರಿಗೂ ಅದನ್ನೇ ಕುಡಿಸಿದೆ. ಹೋಟೆಲ್ಲಿನ ತಿಂಡಿಯಲ್ಲಿ ಬ್ರೆಡ್ಡು ಕಟ್ಟಿಸಿ, ನೀನು ತಂದಿದ್ದ ಚಟ್ನಿಪುಡಿಯಲ್ಲಿ ಮಧ್ಯಾಹ್ನ ಕಳೆದೆವು. ಲಾಭವಾಯಿತು, ಸುಳ್ಳೇಕೆ. ನೀನೂ ಮುಖ ಅರಳಿಸಿ, "ಭಾವ ಇದ್ರೆ ಒಂದ್ ಪೈಸನೂ ಪೋಲಾಗಕ್ಕಿಲ್ಲ" ಎನ್ನುತ್ತಿದ್ದೆ. ನನಗೆ ಎರಡು ಕೋಡು ಮೂಡಿದವು.

ಬೆಟ್ಟಕ್ಕೆ ಹೋಗುವ ಹಿಂದಿನ ಸಂಜೆ ಪ್ರಕಾಶ, ಮೇಲೆ ಹತ್ತಿಸುವ ಕೇಬಲ್ ಕಾರಿನ ದುಡ್ಡು ಕೇಳಿದ. ಕೇಳಿದ್ದೇ ತಡ, ನಾನು ಹೋಟೆಲ್ಲಿನ ಊಟದ ಹಾಲಿನಲ್ಲಿ ಎದ್ದು ನಿಂತೆ. "ನಲವತ್ತು ಸೀಟಿನ ಬಸ್ಸಲ್ಲಿ ಕಳ್ಳನ್ನ ಕಣ್ಣಲ್ಲೇ ಹಿಡಿದೋನು ನಾನು. ಇದ್ರಲ್ಲಿ ಅರ್ಧಕ್ಕರ್ಧ ಇವನ ಜೇಬಿಗೆ ಹೋಗ್ತದೆ, ಯಾರೂ ಕೊಡಬ್ಯಾಡಿ" ಎಂದೆ. ಊಟಕ್ಕೆ ಕೂತಿದ್ದವರೆಲ್ಲ ತಲೆಯಾಡಿಸಿದರು, ಇಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಪ್ರಕಾಶ ಕೆಂಪಗಾಗಿ, ಬಲವಂತ ಇಲ್ಲ ಸರ್ ಎಂದಷ್ಟೇ ಹೇಳಿದ. ಆ ಕೆಂಪು ಮುಖವೇ ನನಗೆ ಸಾಕ್ಷಿಯಾಯಿತು.

ಬೆಳಗಾಗುವಷ್ಟರಲ್ಲಿ ತಲೆಯಾಡಿಸಿದವರೆಲ್ಲ ಒಬ್ಬೊಬ್ಬರಾಗಿ ಹೋಗಿ ದುಡ್ಡು ಕಟ್ಟಿದ್ದರು. ಅಷ್ಟು ದೂರ ಬಂದು ಬೆಟ್ಟ ಬಿಡುತ್ತಾರೆಯೇ? ಉಳಿದವರು ನಾವು ಮೂವರೇ. ಲಲಿತಳಿಗೆ ಎತ್ತರ ಎಂದರೆ ಭಯ, ಅವಳಿಗೆ ಕೆಳಗೆ ಕೂರುವುದೇ ಹಿತ. ನೀನು ಮಾತ್ರ ಸ್ವೆಟರಿನ ಮೇಲೆ ಶಾಲು ಹೊದ್ದು, ಕರ್ಚೀಫಿನ ಗಂಟು ಬಿಚ್ಚಿ ಆ ನೋಟು ನನ್ನ ಕೈಗಿಟ್ಟೆ. "ಭಾವ, ಮೋಸ ಆದ್ರೂ ಆಗ್ಲಿ, ಒಂದ್ ಸಲ..." ಎಂದು ನಿಲ್ಲಿಸಿದೆ. ಆ ಮಾತನ್ನು ನೀನು ಪೂರ್ತಿ ಮಾಡಲಿಲ್ಲ. ನಾನೂ ಮಾಡಗೊಡಲಿಲ್ಲ. ಇರು, ವಿಚಾರಿಸಿಕೊಂಡು ಬರುತ್ತೇನೆ ಎಂದು ಕೌಂಟರಿಗೆ ಹೋದೆ.

ಅಲ್ಲಿ ಬೋರ್ಡು ನೋಡಿದೆ. ಫೋನಿನಲ್ಲಿ ಅವರ ದುಡ್ಡನ್ನು ನಮ್ಮ ರೂಪಾಯಿಗೆ ತಿರುಗಿಸಿ ನೋಡಿದೆ, ಮತ್ತೆ ತಿರುಗಿಸಿದೆ. ಗುಂಪಿನಲ್ಲಿ ಬಂದವರಿಗೆಂದು ಪ್ರಕಾಶ ಕಮ್ಮಿ ದರ ಮಾಡಿಸಿದ್ದ. ಇಡೀ ಟೂರಿನಲ್ಲಿ ಅದಕ್ಕಿಂತ ಲಾಭದ ವ್ಯವಹಾರ ಇನ್ನೊಂದಿರಲಿಲ್ಲ! ಅಷ್ಟರಲ್ಲಿ ಪಕ್ಕದಲ್ಲಿ ಅವನೇ ನಿಂತಿದ್ದ.

"ನೋಡಿದ್ರಲ್ಲ ಸರ್. ಇನ್ನೂ ಟೈಮಿದೆ, ಸರೋಜಮ್ಮನ್ನ ಕರ್ಕೊಂಡು ಬನ್ನಿ. ಪಾಪ, ಬೆಳಗಿಂದ ಬೆಟ್ಟಾನೇ ನೋಡ್ತಾವ್ರೆ."

"ಈ ಬೋರ್ಡೂ ನಿಮ್ ಸೆಟ್ಟಿಂಗೇ ಏನೋ, ಯಾರಿಗ್ಗೊತ್ತು" ಎಂದೆ.

ಅಂದ ಮೇಲೆ ನನಗೇ ನಾಚಿಕೆಯಾಯಿತು. ಅವನು ಜನರನ್ನು ಹತ್ತಿಸಲು ಹೋದ. ನಾನು ನಿಮ್ಮ ಬೆಂಚಿನ ಕಡೆ ಬರುವಾಗ ದಾರಿಯಲ್ಲಿ ಎಲ್ಲ ತೂಗಿ ನೋಡಿದೆ. ಈಗ ದುಡ್ಡು ಕೊಟ್ಟರೆ ನಿನ್ನೆ ಸಂಜೆ ತಲೆಯಾಡಿಸಿದವರೆಲ್ಲ ನಗುತ್ತಾರೆ. ಪ್ರಕಾಶ ಗೆಲ್ಲುತ್ತಾನೆ. ಇಷ್ಟು ವರ್ಷದ ನನ್ನ ಕಣ್ಣು ಸೋಲುತ್ತದೆ. ತಕ್ಕಡಿಯ ಇನ್ನೊಂದು ಬದಿಗೆ ನಿನ್ನನ್ನು ಇಟ್ಟೆನೋ ಇಲ್ಲವೋ — ಇಟ್ಟೆ, ಸರೋಜಾ. ಇಡಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಇಟ್ಟು, ನೋಡಿ, ನೀನು ಹಗುರವೆಂದು ತೀರ್ಮಾನಿಸಿದೆ.

"ನಾನ್ ಹೇಳಿದ್ದೇ ನಿಜ ಕಣೇ. ಅರ್ಧಕ್ಕರ್ಧ ಹೊಡೀತಾವ್ನೆ. ಇಕಾ, ದುಡ್ಡು ಜೋಪಾನ" ಎಂದು ನೋಟು ನಿನ್ನ ಕೈಗೆ ವಾಪಸಿಟ್ಟೆ.

"ನೀವ್ ವಿಚಾರಿಸಿದ್ಮೇಲೆ ಮುಗೀತು ಬುಡಿ ಭಾವ" ಎಂದೆ ನೀನು. ಒಂದು ಚೂರೂ ಬೇಸರ ತೋರಿಸಲಿಲ್ಲ. ಮಧ್ಯಾಹ್ನದವರೆಗೆ ನೀನು ಬೆಂಚಿನ ಮೇಲೆ ಕೂತು, ಮೇಲೆ ಹೋಗುವ ಕೇಬಲ್ ಕಾರಿನ ಪೆಟ್ಟಿಗೆಗಳನ್ನೇ ನೋಡಿದೆ. ಪ್ರತಿ ಪೆಟ್ಟಿಗೆ ಮೋಡದೊಳಗೆ ಹೋಗುವವರೆಗೂ ನಿನ್ನ ಕತ್ತು ಅದರ ಹಿಂದೆಯೇ ಹೋಗುತ್ತಿತ್ತು. ನಾನು ಅದನ್ನೂ ನೋಡಿದೆ.

ನಮ್ಮ ಗುಂಪಿನ ಕುಣಿಗಲ್ ಹೆಂಗಸು ಪುಟ್ಟಗೌರಮ್ಮ ಇಳಿದು ಬಂದವರು ಓಡೋಡಿ ನಿನ್ನ ಹತ್ತಿರ ಬಂದರು. ತಿಂಡಿ ಡಬ್ಬಿಯಲ್ಲಿ ನಿನಗೆಂದೇ ಹಿಮ ತುಂಬಿಕೊಂಡು, ಸೆರಗಿನಲ್ಲಿ ಸುತ್ತಿ ತಂದಿದ್ದರು. "ತಗಳವ್ವ, ನಿಂಗೇ ಅಂತ ತಂದೆ" ಎಂದು ಮುಚ್ಚಳ ತೆಗೆದರೆ ಬರೀ ನೀರು. ಅವರ ಮುಖ ಚಿಕ್ಕದಾಯಿತು. ನೀನು ಅದರಲ್ಲಿ ಬೆರಳು ಅದ್ದಿ, ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು, ನನ್ನ ಕಡೆ ತಿರುಗಿ ನಕ್ಕೆ. "ನಮ್ ಬೋರ್‌ವೆಲ್ ನೀರಂಗೇ ಐತಲ್ಲ ಭಾವ! ಇದ್ಕೆ ಅಷ್ಟು ದುಡ್ಡಾ? ಸದ್ಯ, ಒಳ್ಳೇದ್ ಮಾಡಿದ್ರಿ."

ಆಗಲೇ ಹೇಳಬಹುದಿತ್ತು. ಕೇಬಲ್ ಕಾರು ಇನ್ನೂ ಓಡುತ್ತಿತ್ತು. ನಾನು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಕೊನೆಯ ದಿನ ಎಲ್ಲರೂ ಪ್ರಕಾಶನಿಗೆ ಟಿಪ್ಸ್ ಕೊಟ್ಟರು, ನಾನು ಕೊಡಲಿಲ್ಲ. ತುಮಕೂರಿಗೆ ಬಂದು ಸಿಕ್ಕಸಿಕ್ಕವರಿಗೆ ಅವನೊಬ್ಬ ಕಳ್ಳ ಎಂದೆ. ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

ಆಮೇಲೆ ನನ್ನ ಅನುಮಾನ ನಿನ್ನ ಕಡೆ ತಿರುಗಿತು. ನೀನು ಆ ನೋಟು ತೋರಿಸುವಾಗ ನಿನ್ನ ಮುಖವನ್ನೇ ನೋಡುತ್ತಿದ್ದೆ — ಇವಳಿಗೆ ಗೊತ್ತೇ? ಪುಟ್ಟಗೌರಮ್ಮ ನಿಜವಾದ ದರ ಹೇಳಿರಬಹುದೇ? ದೇವರ ಪಟಕ್ಕೆ ಸಿಕ್ಕಿಸಿ ನನ್ನನ್ನು ಅಣಕಿಸುತ್ತಿದ್ದಾಳೆಯೇ? ನಾನು ಬರುವಾಗಲೇ ಯಾಕೆ ತೋರಿಸುತ್ತಾಳೆ? ಹೀಗೆ ನಿನ್ನನ್ನೂ ಚೆಕ್ ಮಾಡಿದೆ, ಸರೋಜಾ. ಏನೂ ಸಿಗಲಿಲ್ಲ. ನೀನು ನನ್ನನ್ನು ನಂಬಿದ್ದೀಯ, ಅಷ್ಟೇ. ಗೊತ್ತಿದ್ದು ಅಣಕಿಸಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮೊನ್ನೆ ನೀನು ಫೋನ್ ಮಾಡಿದೆ. ಗುಬ್ಬಿಯ ನಿನ್ನ ಹಳೆಯ ಅಂಗನವಾಡಿ ಗೆಳತಿಯರು ಸೇರಿ ಮನಾಲಿಗೆ ಟೂರ್ ಹೊರಟಿದ್ದಾರೆ, ನಿನ್ನನ್ನೂ ಕರೆದರು ಎಂದೆ. ಹೋಗು ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ನೀನೇ ಹೇಳಿದೆ: "ನಾನ್ ಒಲ್ಲೆ ಅಂದ್ಬುಟ್ಟೆ ಭಾವ. ಹಿಮದ ಟಿಕೀಟೆಲ್ಲ ಮೋಸ, ಬರೀ ಬೋರ್‌ವೆಲ್ ನೀರು ಕಣ್ರವ್ವ ಅಂದೆ. ನಿಮ್ ಹೆಸ್ರು ಹೇಳಿದ್ಕೆ ಅವ್ರೂ ಕ್ಯಾನ್ಸಲ್ ಮಾಡ್ತೀವಿ ಅಂದವ್ರೆ. ಪಾಪ, ಅವ್ರ ದುಡ್ಡೂ ಉಳೀತು."

ಫೋನ್ ಇಟ್ಟ ಮೇಲೆ ನಾನು ಲೆಕ್ಕ ಹಾಕಿದೆ. ನಿನ್ನೊಬ್ಬಳಿಗೆ ಹೇಳಿದ ಸುಳ್ಳು ಈಗ ಗುಬ್ಬಿಯ ಹೆಂಗಸರನ್ನೆಲ್ಲ ಮನೆಯಲ್ಲಿ ಕೂರಿಸುತ್ತಿದೆ. ಅಗ್ಗದ ಟೂರಿನಲ್ಲಿ ಎಲ್ಲ ಉಳಿಸಿಕೊಂಡು ಬಂದೆನೆಂದು ಬೀಗಿದವನು ನಾನು. ನೀನು ಯಾವ ಒಂದಕ್ಕಾಗಿ ಹೊರಟಿದ್ದೆಯೋ ಅದನ್ನೇ ನಾನು ಬಿಟ್ಟು ಬಂದೆ. ಅದರ ಮುಂದೆ ಉಳಿಸಿದ ನೀರಿನ ಬಾಟಲಿ, ಕಟ್ಟಿಸಿಕೊಂಡ ಬ್ರೆಡ್ಡು ಎಷ್ಟರದು?

ನನ್ನನ್ನು ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ. ಕೇಳುವ ಮುಖ ನನಗಿಲ್ಲ. ಈ ಕಾಗದವನ್ನು ಅಂಚೆಗೆ ಹಾಕುವುದೂ ಇಲ್ಲ. ಅದು ಮತ್ತೆ ತಪ್ಪಿಸಿಕೊಳ್ಳುವ ದಾರಿ. ನಾಳೆ ಬೆಳಗಿನ ಬಸ್ಸಿಗೆ ನಿಟ್ಟೂರಿಗೆ ಬರುತ್ತೇನೆ. ನೀನು ಕಾಫಿಗೆ ಇಡುವ ಮೊದಲೇ, ನಿನ್ನ ಗಂಡನ ಮುಂದೆ, ಇದನ್ನು ಓದುತ್ತೇನೆ. ಓದಿ ಮುಗಿಸಿದ ಮೇಲೆ ನನ್ನನ್ನು ಏನು ಬೇಕಾದರೂ ಅನ್ನು. ಆದರೆ ಗುಬ್ಬಿಗೆ ಫೋನ್ ಮಾಡಿ ಆ ಹೆಂಗಸರಿಗೆ ನಿನ್ನ ಬಾಯಿಂದಲೇ ಹೇಳು — ಬೆಟ್ಟದ ಟಿಕೆಟ್ಟಿನಲ್ಲಿ ಮೋಸ ಇರಲಿಲ್ಲ, ಮೋಸ ಮಾಡಿದ್ದು ನನ್ನ ಭಾವ ಎಂದು.