ಗೌರಿಗೆ ಕಣ್ಣು ಬರೆದ ದಿನ

ನನ್ನ ಹೆಬ್ಬೆರಳಿಗೆ ಸುಮ್ಮನೆ ಕೂರುವುದು ಗೊತ್ತಿಲ್ಲ. ಬಸ್ಸಿನಲ್ಲಿ, ಊಟದ ತಟ್ಟೆಯ ಮುಂದೆ, ಎಲ್ಲಿದ್ದರೂ ಅದು ಫೋನಿನ ಗಾಜು ಉಜ್ಜುತ್ತಿರಬೇಕು. ಚೆಂದದ್ದೇನಾದರೂ ಎದುರಾದರಂತೂ ಮುಗಿಯಿತು. ನಾನು ನೋಡುವ ಮೊದಲು ಫೋನು ನೋಡಿರುತ್ತದೆ. ನಿಧಾನಕ್ಕೆ ನೋಡಿದರಾಯಿತೆಂದು ತೆಗೆದಿಟ್ಟ ರಾಶಿ ಚಿತ್ರಗಳಲ್ಲಿ ನಾನು ತಿರುಗಿ ನೋಡಿದ್ದು, ನಗಬೇಡಿ, ಗ್ಯಾಸ್ ಪುಸ್ತಕದ ನಂಬರಿನದೊಂದೇ.

ಈ ಚಟ ನನ್ನನ್ನು ಸರಿಯಾಗಿ ಕೆಡವಿದ್ದು ಕಿನ್ನಾಳದಲ್ಲಿ. ಅವ್ವನಿಗೆ ಮದುವೆಯಲ್ಲಿ ತವರಿನವರು ಕೊಟ್ಟಿದ್ದ ಮರದ ಗೌರಿಯ ಬಣ್ಣ ಉದುರಿ, ಕಣ್ಣು ಪೂರ್ತಿ ಅಳಿಸಿಹೋಗಿತ್ತು. ಕಿನ್ನಾಳದ ಚಿತ್ರಗಾರರೊಬ್ಬರಿಗೆ ಒಪ್ಪಿಸಿ ಬಂದೆವು. ಎಲ್ಲ ಬಣ್ಣ ಮುಗಿದ ಮೇಲೆ ಕಡೆಗೆ ಬರೆಯುವುದು ಕಣ್ಣು. ಆ ದಿನ ಬರಬೇಕೆಂದು ಅವರು ಹೇಳಿಕಳಿಸಿದರು. ಅವ್ವನಿಗೂ ಆಸೆ. ಆದರೆ ಮೊಣಕಾಲು ಬಿಡಲಿಲ್ಲ.

“ಸಣ್ಣಾಕಿದ್ದಾಗ ಅಪ್ಪನ ಹೆಗಲ ಮ್ಯಾಲ ಕುಂತು ನೋಡಿದ್ದೆ. ನೀನರ ಛಲೋತ್ನಾಗ ನೋಡ್ಕೊಂಡು ಬಂದು ಹೇಳಪಾ,” ಎಂದಳು.

ಕುಷ್ಟಗಿಯಿಂದ ಎರಡು ಬಸ್ಸು ಹಿಡಿದು ನಾನೂ ಹೆಂಡತಿ ಶಾರದೆಯೂ ಹೋದೆವು. ಚಿತ್ರಗಾರರು ಗೌರಿಯನ್ನು ತೊಡೆಯ ಮೇಲಿರಿಸಿಕೊಂಡು ಕೂದಲೆಳೆಯಂಥ ಕುಂಚವನ್ನು ಕಪ್ಪಿನಲ್ಲಿ ಅದ್ದಿದರು. ನಾನು ಫೋನು ಹಿಡಿದೆ. ಬೆಳಕು ಸಾಲದೆಂದು ಕಿಟಕಿಯತ್ತ ಸರಿದೆ. ಅವರ ಭುಜ ಅಡ್ಡ ಬಂತೆಂದು ಈಚೆ ಬಂದೆ. ಅಷ್ಟರಲ್ಲಿ ಫೋನಿನಲ್ಲಿ ಜಾಗವಿಲ್ಲವೆಂಬ ಸೂಚನೆ. ಯಾರ್‍ಯಾರೋ ಕಳಿಸಿದ್ದ ಶುಭೋದಯದ ಹೂಗಳನ್ನು ಅಳಿಸಿ ತಲೆಯೆತ್ತಿದರೆ, ಗೌರಿ ಎರಡೂ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ಶಾರದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಇನ್ನೊಮ್ಮೆ ಬರೀತೀರೇನ್ರಿ?” ಎಂದು ಕೇಳಿಯೇಬಿಟ್ಟೆ.

ಅವರು ನಕ್ಕರು. “ಬಿಟ್ಟ ಕಣ್ಣು ಹೆಂಗ ಮುಚ್ಚಲ್ರಿ ಸರ?”

ಮನೆಯಲ್ಲಿ ಅವ್ವ ಗೌರಿಯನ್ನು ಮಡಿಲಲ್ಲಿಟ್ಟುಕೊಂಡು, “ಯಾವ ಕಣ್ಣು ಮೊದಲ ಬರದ್ರು?” ಎಂದಳು. ನಾನು ಶಾರದೆಯ ಮುಖ ನೋಡಿದೆ.

“ನಿಮ್ಮ ಮಗನ್ನ ಕೇಳ್ರಿ ಅತ್ತಿ,” ಎಂದು ಅವಳು ಒಳಗೆ ಹೋದಳು.

ಬಾಯಿಗೆ ಬಂದಂತೆ “ಬಲಗಣ್ಣು” ಎಂದೆ. ಅವ್ವ ನಂಬಿದಳು. ಆ ನಂಬಿಕೆಯೇ ವಾರವಿಡೀ ನನ್ನನ್ನು ಕೊರೆಯಿತು. ಶಾಲೆಯಲ್ಲಿ ಪಾಠ ಮಾಡುತ್ತಿದ್ದರೂ ಅದೇ, ಉಣ್ಣುತ್ತಿದ್ದರೂ ಅದೇ.

ಭಾನುವಾರ ಒಬ್ಬನೇ ಮತ್ತೆ ಹೋದೆ. ಅಂದು ಚಿತ್ರಗಾರರು ಬೇರೆ ಯಾರದೋ ಗೊಂಬೆಗೆ ಕಣ್ಣು ಬರೆಯುವವರಿದ್ದರು. ಫೋನನ್ನು ಚೀಲಕ್ಕೆ ಹಾಕಿ, ಚೀಲವನ್ನು ಹೊರಗೆ ಚಪ್ಪಲಿಯ ಪಕ್ಕ ಇಟ್ಟೆ. ಬರಿಗೈಯನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಎರಡು ಸಲ ಬಾಗಿಲ ಕಡೆ ನೋಡಿದೆ. ಅವರು ಉಸಿರು ಬಿಗಿಹಿಡಿದರು, ನಾನೂ ಹಿಡಿದೆ. ಎಡಗಣ್ಣು ಮೊದಲು ಬಂತು. ಒಂದೇ ಕಣ್ಣಿನ ಆ ಮುಖ ಅರ್ಧ ಎಚ್ಚರವಾದ ಮಗುವಿನ ಹಾಗಿತ್ತು. ಇನ್ನೊಂದು ಕಣ್ಣು ಬಂದಾಗ, ಹಿರಿಯರು ಯಾರೋ ಕೋಣೆಗೆ ಬಂದಂತೆ ನಾನು ಸೆಟೆದು ಕುಳಿತೆ.

ಸಂಜೆ ಅವ್ವನ ಮುಂದೆ ಸುಳ್ಳು ಒಪ್ಪಿಕೊಂಡೆ. ಕಂಡದ್ದನ್ನು ಹೇಳಹೋದರೆ ಮಾತುಗಳು ಒಂದರ ಮೇಲೊಂದು ಬಿದ್ದವು. ಕುಂಚ ಹಿಡಿದಂತೆ ಬೆರಳು ಮಡಿಸಿ ಗಾಳಿಯಲ್ಲಿ ಗೆರೆ ಎಳೆಯತೊಡಗಿದೆ.

“ಗಡಬಡ ಮಾಡಬ್ಯಾಡ, ಸಾವಕಾಶ ಹೇಳು,” ಎಂದಳು ಅವ್ವ, ಎರಡೂ ಕಣ್ಣು ಮುಚ್ಚಿಕೊಂಡು. “ಈಗ ಕಾಣಾಕ ಹತ್ತೈತಿ.”