ಮಾವನ ಹೊಟ್ಟೆಯಲ್ಲಿ ಕ್ಲೈಮ್ಯಾಕ್ಸ್

ಶುಕ್ರವಾರ ಬೆಳಿಗ್ಗೆ ಬಿ.ಸಿ.ರೋಡ್ ಬಸ್ ಸ್ಟ್ಯಾಂಡಿನಲ್ಲಿ, ಅಷ್ಟು ಜನರ ಎದುರು, ನಾನು ನನ್ನ ಸೋದರಮಾವನ ಬಾಯಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿ ಹಿಡಿದಿದ್ದೆ.

ಮಾವನ ಕಣ್ಣು ಹೊರಗೆ ಬಂದಿತ್ತು. ಮಂಗಳೂರು ಬಸ್ಸಿನ ಕಂಡಕ್ಟರ್ ಫುಟ್‌ಬೋರ್ಡಿನಿಂದ ಇಳಿದೇ ಬಿಟ್ಟ.

"ಏಯ್, ಎಂತ ಮಾಡುದು ನೀನು? ಪ್ರಾಯದವರನ್ನು ಬಿಡು!"

"ಇವರು ನನ್ನ ಮಾವ ಮಾರಾಯ. ಮನೆ ವಿಷಯ."

"ಮನೆ ವಿಷಯ ಆದ್ರೆ ಮನೆಯಲ್ಲಿ ಮಾಡಿ. ಇಲ್ಲಿ ನನಗೆ ಟೈಮಿಂಗ್ ಉಂಟು."

ಕೈ ತೆಗೆದೆ. ಮಾವ ಉಸಿರು ಎಳೆದುಕೊಂಡರು. ಆಮೇಲೆ ನಕ್ಕರು. ಆ ನಗು ನೋಡಿಯೇ ಗೊತ್ತಾಯಿತು, ಇವತ್ತು ನಾನು ಸಿಕ್ಕಿಬಿದ್ದೆ ಎಂದು.

(ಮಾತೆಲ್ಲ ತುಳುವಿನಲ್ಲೇ ನಡೆದದ್ದು. ನಿಮಗೋಸ್ಕರ ಕನ್ನಡ ಮಾಡಿದ್ದೇನೆ. ಬೈಗುಳಕ್ಕೆ ಕನ್ನಡದಲ್ಲಿ ಆ ರುಚಿ ಬರುವುದಿಲ್ಲ, ಅದನ್ನು ಬಿಟ್ಟಿದ್ದೇನೆ.)

ವಿಷಯ ಒಂದು ಸಿನಿಮಾದ್ದು. ಇಂಗ್ಲಿಷ್ ಸೂಪರ್ ಹೀರೋ ಸಿನಿಮಾ. ಹೆಸರು ಹೇಳುವುದಿಲ್ಲ, ಯಾಕೆ ಎಂದು ಮುಂದೆ ನಿಮಗೇ ಗೊತ್ತಾಗುತ್ತದೆ. ಅದರ ಹೀರೋ ಕೈ ಎತ್ತಿದರೆ ಬೀಳುತ್ತಿರುವ ಕಟ್ಟಡ ಅರ್ಧದಲ್ಲೇ ನಿಲ್ಲುತ್ತದೆ. ಅಷ್ಟೇ ಅವನ ಶಕ್ತಿ. ಆದರೆ ಪ್ರತಿ ಸಲ ನಿಲ್ಲಿಸುವಾಗಲೂ ಅವನ ಆಯುಷ್ಯ ಸ್ವಲ್ಪ ಕರಗುತ್ತದೆ. ಮನೆಯಲ್ಲಿ ಸಣ್ಣ ಮಗಳು ಬೇರೆ. ಹಿಂದಿನ ಪಾರ್ಟಿನ ಕೊನೆಯಲ್ಲಿ ಅವನ ಮೂಗಿನಿಂದ ರಕ್ತ ಬಂತು, ಪರದೆ ಕಪ್ಪಾಯಿತು. ಮನೆಗೆ ಹೋಗಿ ಎಂದರು.

ವರ್ಷಗಟ್ಟಲೆ ಕಾದೆ. ಅವನು ಬದುಕುತ್ತಾನಾ, ಸಾಯುತ್ತಾನಾ? ನನಗೆ ಬೇಕಾದದ್ದು ಅದೊಂದೇ. ಅದನ್ನು ದೊಡ್ಡ ಪರದೆಯಲ್ಲಿ ನನ್ನ ಕಣ್ಣಿನಿಂದಲೇ ನೋಡಬೇಕು. ಅಲ್ಲಿಯವರೆಗೆ ಯಾರೂ ಬಾಯಿ ಬಿಡಬಾರದು.

ಇದೆಂಥ ದೊಡ್ಡ ಆಸೆ ಎಂದು ಕೇಳಬೇಡಿ. ನಾನು ವೆಲ್ಡಿಂಗ್ ಕೆಲಸದವನು. ದಿನವಿಡೀ ಗೇಟು, ಗ್ರಿಲ್ಲು, ಶೀಟಿನ ಛಾವಣಿ. ಮುಂದೇನಾಗುತ್ತದೆ ಎಂದು ಗೊತ್ತಿಲ್ಲದ ವಿಷಯ ನನ್ನಂಥವನಿಗೆ ಎಷ್ಟು ಸಿಗುತ್ತದೆ? ಗೇಟಿನ ಕ್ಲೈಮ್ಯಾಕ್ಸ್ ಮೊದಲೇ ಗೊತ್ತಿರುತ್ತದೆ. ಅದು ಗೇಟೇ ಆಗುತ್ತದೆ.

ಆದರೆ ನಮ್ಮ ಊರಿನಲ್ಲಿ ಕಥೆ ಗೊತ್ತಾಗದೆ ಇರುವುದು ಸುಲಭವಲ್ಲ. ಇಂಥ ಸಿನಿಮಾ ಎಷ್ಟೋ ಸಲ ನಮಗಿಂತ ಒಂದು ದಿನ ಮೊದಲೇ ಗಲ್ಫಿನಲ್ಲಿ ಬಿಡುಗಡೆ. ಇಲ್ಲಿ ಎರಡು ಮನೆ ದಾಟಿದರೆ ಗಲ್ಫಿನವನ ಮನೆ. ಅವನು ಅಲ್ಲಿ ಥಿಯೇಟರಿನಿಂದ ಹೊರಗೆ ಬಂದು ಬೈಕೋ ಬಸ್ಸೋ ಹತ್ತುವ ಮೊದಲೇ ಮನೆ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕುತ್ತಾನೆ. ಮನೆಯವರು ಅದನ್ನು ಸ್ಪೀಕರಿನಲ್ಲಿ ಇಟ್ಟು ಅಂಗಳದಲ್ಲಿ ಕೇಳುತ್ತಾರೆ. ಖರ್ಜೂರ ಬಂದು ಮುಟ್ಟಲಿಕ್ಕೆ ವಾರ ಬೇಕು. ಕ್ಲೈಮ್ಯಾಕ್ಸ್‌ಗೆ ಐದು ನಿಮಿಷ ಸಾಕು.

ಹಾಗಾಗಿ ಗುರುವಾರ ಇಡೀ ದಿನ ನಾನು ಶಾಪಿನಲ್ಲಿ ಫೋನ್ ಆಫ್ ಮಾಡಿ ಕೂತಿದ್ದೆ. ಗಿರಾಕಿ ಬಂದು "ಆ ಸಿನಿಮಾ..." ಎಂದ ಕೂಡಲೇ ಗ್ರೈಂಡರ್ ಆನ್. ಮಾತು ನಿಲ್ಲಿಸಿದರೆ ಆಫ್. ಮತ್ತೆ ಬಾಯಿ ತೆರೆದರೆ ಮತ್ತೆ ಆನ್. ಒಬ್ಬರ ಗೇಟಿನ ಒಂದು ಪಟ್ಟಿ ಹೀಗೆ ಉಜ್ಜಿ ಉಜ್ಜಿ ತೆಳ್ಳಗಾಗಿದೆ. (ಯಾರ ಗೇಟು ಎಂದು ಹೇಳುವುದಿಲ್ಲ. ನಿಮ್ಮದಾಗಿದ್ದರೆ ತನ್ನಿ, ಸರಿ ಮಾಡಿಕೊಡುತ್ತೇನೆ.)

ಇನ್ನು ಟಿಕೆಟಿನ ವಿಷಯ. ಮಾವನ ಮಗ ದೀಪು ದುಬೈಯಲ್ಲಿ ಇದ್ದಾನೆ. ನನಗೆ ಭಾವ, ಅವನಿಗೂ ನಾನು ಭಾವ. ಮಂಗಳೂರಿನ ಒಂದು ಮಾಲಿನ ದೊಡ್ಡ ಪರದೆಯಲ್ಲಿ, ಶುಕ್ರವಾರದ ಮೊದಲ ಶೋಗೆ, ಅಲ್ಲಿಂದಲೇ ಫೋನಿನಲ್ಲಿ ಎರಡು ಸೀಟು ಬುಕ್ ಮಾಡಿ ಕಳಿಸಿದ. ಶರತ್ತು ಒಂದೇ.

"ಅಪ್ಪನನ್ನು ಕರಕೊಂಡು ಹೋಗು ಭಾವ. ವೇಣೂರಿನ ಅಂಗಡಿಯಲ್ಲಿ ಕೂತು ಕೂತು ಅವರಿಗೆ ಬೇಜಾರಾಗಿದೆ."

ನಾನೂ ಒಂದು ಶರತ್ತು ಹಾಕಿದೆ. "ನೀನು ಗುರುವಾರವೇ ನೋಡ್ತಿ. ನನಗೆ ಒಂದು ಶಬ್ದ ಹೇಳಿದ್ರೆ, ರಜೆಗೆ ಬಂದಾಗ ನಿನ್ನ ಸೂಟ್‌ಕೇಸಿನ ಬಾಯಿಗೆ ವೆಲ್ಡಿಂಗ್ ಹೊಡೀತೇನೆ."

ದೀಪು ಮಾತಿಗೆ ತಪ್ಪಲಿಲ್ಲ. ನನಗೆ ಒಂದು ಶಬ್ದವೂ ಹೇಳಲಿಲ್ಲ. ಅವನ ಅಪ್ಪನಿಗೆ ಪೂರಾ ಹೇಳಿದ.

ಯಾಕೆಂದರೆ ಅಪ್ಪ ಕೇಳಿದ್ದರು. ಮಾವನಿಗೆ ಯಕ್ಷಗಾನದ ಮರ್ಲು, ಹುಚ್ಚು. ಬೆಳ್ತಂಗಡಿಯಿಂದ ಮೂಡುಬಿದಿರೆವರೆಗೆ ಎಲ್ಲಿ ಆಟ (ನಮ್ಮಲ್ಲಿ ಯಕ್ಷಗಾನಕ್ಕೆ ಹಾಗೇ ಹೇಳುವುದು) ಆದರೂ ಹೋಗಿ ಕೂರುವವರು. ಮತ್ತು ಅವರಿಗೆ ಒಂದು ನಿಯಮ ಉಂಟು. ಪ್ರಸಂಗದ ಕಥೆ ಗೊತ್ತಿಲ್ಲದೆ ಆಟಕ್ಕೆ ಹೋಗಬಾರದು. ಹೊಸ ಪ್ರಸಂಗವಾದರೆ ಯಾರನ್ನಾದರೂ ಹಿಡಿದು ಆದಿಯಿಂದ ಅಂತ್ಯದವರೆಗೆ ಕೇಳಿಕೊಂಡೇ ಹೋಗುವುದು. ಅಲ್ಲಿ ಪಕ್ಕದವರಿಗೂ ಹೇಳುವುದು. ಸಣ್ಣವನಿರುವಾಗ ತೋಡಾರಿನ ಗದ್ದೆಯಲ್ಲಿ ಅವರ ಮಡಿಲಲ್ಲಿ ಕೂತು ನಾನೇ ಕೇಳಿದ್ದೇನೆ. "ಈಗ ರಾಕ್ಷಸ ಬರ್ತಾನೆ ನೋಡು. ಹೆದರ್ಬೇಡ. ಕೊನೆಗೆ ಸಾಯ್ತಾನೆ." ಸುತ್ತಲಿನವರು ಸಿಟ್ಟಾಗಲಿಲ್ಲ. "ಹೌದು, ಹೌದು" ಎಂದರು.

ಗುರುವಾರ ಸಂಜೆ ಅದೇ ನಿಯಮದಂತೆ ಮಗನಿಗೆ ಫೋನ್ ಮಾಡಿದ್ದಾರೆ. "ಇಂಗ್ಲಿಷಿನ ಆಟ. ನನಗೆ ಭಾಷೆ ಬರುದಿಲ್ಲ. ಪ್ರಸಂಗ ಎಂತದು ಹೇಳು."

ಇದು ನನಗೆ ಗೊತ್ತೇ ಇರಲಿಲ್ಲ. ಶುಕ್ರವಾರ ವೇಣೂರು ಬಸ್ಸಿನಿಂದ ಇಳಿದವರು ಬಾಯಿ ತೆರೆದದ್ದೇ ಹೀಗೆ: "ಪಾಪ ಅಳಿಯ, ಆ ಮಗುವಿನ ಅಪ್ಪ ಕೊನೆಗೆ..."

ಆಗ ನನ್ನ ಕೈ ಎದ್ದದ್ದು.

ಪಾಪ ಎಂದರೆ? ನಾನು ಸಮಾಧಾನ ಮಾಡಿಕೊಂಡೆ. ಮಾವ ಒಣಗಿದ ಬೆಂಡೆಗಿಡಕ್ಕೂ ಪಾಪ ಅನ್ನುವವರು. ಅದರಿಂದ ಏನೂ ಗೊತ್ತಾಗುವುದಿಲ್ಲ.

ಬಸ್ಸು ಹತ್ತಿದೆವು. ಮಾವ ಸೀಟಿನ ಹತ್ತಿರ ನಿಂತರು.

"ಕಿಟಕಿ ಬದಿ ನನಗೆ."

"ನನಗೆ ವಾಂತಿ ಬರ್ತದೆ ಮಾವ. ಕಿಟಕಿ ನನಗೆ ಬೇಕು."

"ಆ ಮಗುವಿನ ಅಪ್ಪ..."

"ಕೂತುಕೊಳ್ಳಿ! ಕಿಟಕಿ ನಿಮಗೇ."

ಫರಂಗಿಪೇಟೆ ದಾಟುವಾಗ ಅವರಿಗೆ ಈ ಆಟ ಪೂರಾ ಹಿಡಿಸಿತ್ತು.

"ನಮ್ಮ ಅಂಗಡಿಯ ಶಟರ್ ಅರ್ಧಕ್ಕೆ ನಿಲ್ತದೆ ಅಂತ ಹೇಳಿದ್ದೆ ಅಲ್ವಾ ನಿನಗೆ? ನಾಲ್ಕು ಸಲ?"

"ಬರ್ತೇನೆ ಮಾವ. ಕೆಲಸ ಜಾಸ್ತಿ ಉಂಟು."

"ಕೆಲಸ ಜಾಸ್ತಿ. ಆಯ್ತು. ಕೊನೆಯ ಯುದ್ಧದಲ್ಲಿ ಅವನಿಗೂ ಕೆಲಸ ಜಾಸ್ತಿಯಂತೆ. ದೀಪು ಹೇಳಿದ, ಎರಡೂ ಕೈ ಮೇಲೆ ಮಾಡಿ..."

"ಸೋಮವಾರ ಬರ್ತೇನೆ! ಬೆಳಿಗ್ಗೆಯೇ!"

"ಗ್ರೀಸ್ ನೀನೇ ತಾ."

ಹೇಳಿ, ಇದಕ್ಕೆ ಏನನ್ನುತ್ತಾರೆ? ಸಿನಿಮಾದಲ್ಲಿ ಇಂಥವರಿಗೆ ವಿಲನ್ ಅನ್ನುತ್ತಾರೆ. ನಮ್ಮಲ್ಲಿ ಸೋದರಮಾವ. ಎದುರು ಮಾತಾಡುವ ಹಾಗಿಲ್ಲ.

ಪಂಪ್‌ವೆಲ್ ಬರುವಾಗ ನಾನು ಕೈಮುಗಿದೆ. "ಮಾವ, ನಿಮ್ಮ ಕಾಲಿಗೆ ಬೀಳ್ತೇನೆ. ಸಿನಿಮಾ ಮುಗಿಯುವವರೆಗೆ ಒಂದು ಮಾತು ಬೇಡ. ನನಗೂ ಬೇಡ, ಪಕ್ಕದವರಿಗೂ ಬೇಡ."

ಅವರು ನನ್ನ ಮುಖ ನೋಡಿದರು. ತಮಾಷೆ ಸಾಕು ಅನ್ನಿಸಿತೋ ಏನೋ. "ಆಯ್ತು ಮಾರಾಯ. ಒಂದು ಶಬ್ದ ಬರುದಿಲ್ಲ. ಆದ್ರೆ ಕಥೆ ಗೊತ್ತಿಲ್ಲದೆ ಹೋಗಿ ನೀನು ಎಂತ ನೋಡ್ತಿ ಅಂತ ನನಗೆ ಅರ್ಥ ಆಗುದಿಲ್ಲ."

ಥಿಯೇಟರಿನ ಒಳಗೆ ಹೋದೆವು. ಪರದೆ ನೋಡಿ ನನ್ನ ಬಾಯಿ ಬಂದ್ ಆಯಿತು. ನಮ್ಮ ಇಡೀ ಶಾಪನ್ನು ಎತ್ತಿ ನಿಲ್ಲಿಸಿದರೂ ಅದರ ಒಂದು ಮೂಲೆಗೆ ಸಾಲದು. ಇದರ ಹಿಂದೆ ಫ್ರೇಮ್ ಹೊಡೆದವನು ಯಾವ ಪೈಪು ಹಾಕಿರಬಹುದು ಎಂದು ಒಂದು ಕ್ಷಣ ಯೋಚನೆ ಬಂತು. ಓಡಿಸಿದೆ. ರಜೆ ಹಾಕಿ ಬಂದದ್ದು ಅದಕ್ಕಲ್ಲ.

ಮಾವ ತಮ್ಮ ಕನ್ನಡಕದ ಮೇಲೆ ತ್ರೀಡಿ ಕನ್ನಡಕ ಇಟ್ಟುಕೊಂಡು, ಎಸಿಯ ಚಳಿಗೆ ಹೆಗಲ ಟವೆಲನ್ನು, ಅವರ ಬೈರಾಸನ್ನು, ಕುತ್ತಿಗೆಗೆ ಸುತ್ತಿ ನೆಟ್ಟಗೆ ಕೂತರು. ಸಿನಿಮಾ ಶುರು. ಕುರ್ಚಿ ನಡುಗಿತು. ಮೊದಲ ಕಟ್ಟಡ ಬಿತ್ತು, ನಿಂತಿತು. ಜನ ಸಿಳ್ಳೆ ಹಾಕಿದರು.

ನಾನು? ನಾನು ಮಾವನ ಬಾಯಿ ನೋಡುತ್ತಿದ್ದೆ.

ನಿಜ ಹೇಳುತ್ತೇನೆ. ಅವರ ಆ ಬದಿಯಲ್ಲಿ ಒಬ್ಬ ಕಾಲೇಜು ಹುಡುಗ ಕೂತಿದ್ದ. ಮಾವನ ತಲೆ ಅವನ ಕಡೆ ವಾಲಿದ ಕೂಡಲೇ ನಾನು ಮೊಣಕೈಯಿಂದ ತಿವಿಯುವುದು. ಅವರು "ಹೇಳುದಿಲ್ಲ ಮಾರಾಯ, ಸೊಂಟ ನೋಯ್ತದೆ" ಅನ್ನುವುದು. ಹೀಗೆ ಇಂಟರ್ವಲ್ ಬಂತು. ಮಾವ ಬಾಯಿ ಬಿಡಲಿಲ್ಲ. ಪಾಪ್‌ಕಾರ್ನ್ ತೆಗೆಸಿಕೊಟ್ಟೆ. ಬಾಯಿ ತುಂಬಿದ್ದರೆ ಒಳ್ಳೆಯದು.

ಇಂಟರ್ವಲ್ ಆದ ಮೇಲೆ ಒಂದು ಸೀನ್. ಯುದ್ಧಕ್ಕೆ ಹೋಗುವ ದಿನ ಬೆಳಿಗ್ಗೆ ಹೀರೋ ಮನೆಯಲ್ಲಿ ಇದ್ದಾನೆ. ಸಣ್ಣ ಮಗಳಿಗೆ ನಮ್ಮ ದೋಸೆಯಂಥದ್ದು ಏನೋ ಮಾಡಲಿಕ್ಕೆ ಹೋಗಿ ಸುಟ್ಟು ಹಾಕುತ್ತಾನೆ. ಊರಿನ ಕಟ್ಟಡ ನಿಲ್ಲಿಸುವವನಿಗೆ ಒಂದು ದೋಸೆ ಮಗುಚಲಿಕ್ಕೆ ಬರುವುದಿಲ್ಲ! ಮಗಳು ಬೈಯುತ್ತಾಳೆ. ಇಡೀ ಥಿಯೇಟರ್ ಬಿದ್ದು ಬಿದ್ದು ನಗುತ್ತಿತ್ತು. ನಾನೂ ನಕ್ಕೆ. ನಗುತ್ತಾ ಮಾವನ ಕಡೆ ತಿರುಗಿದೆ.

ಮಾವ ಎರಡೂ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟಿದ್ದರು. ಬೈರಾಸಿನಲ್ಲಿ ಕಣ್ಣು ಒರೆಸುತ್ತಿದ್ದರು. ಒರೆಸಿದಷ್ಟೂ ಬರುತ್ತಿತ್ತು.

ಹೋಯಿತು. ವರ್ಷಗಟ್ಟಲೆ ಕಾದದ್ದು, ಫೋನ್ ಆಫ್ ಮಾಡಿದ್ದು, ಗ್ರೈಂಡರ್, ಕಿಟಕಿ, ಶಟರ್. ಎಲ್ಲ ನೀರಿಗೆ. ದೋಸೆ ಸುಟ್ಟದ್ದಕ್ಕೆ ಯಾರಾದರೂ ಹಾಗೆ ಅಳುತ್ತಾರಾ? ಅವನು ತಿರುಗಿ ಬರುವುದಿಲ್ಲ. ನನಗೆ ಗೊತ್ತಾಯಿತು.

(ಈಗ ಅರ್ಥವಾಯಿತಲ್ಲ, ಸಿನಿಮಾದ ಹೆಸರು ಯಾಕೆ ಹೇಳಲಿಲ್ಲ ಎಂದು? ನನಗಾದದ್ದು ನಿಮಗೆ ಬೇಡ.)

ಸಿಟ್ಟು ಬಂತು. ಎದ್ದು ಹೋಗುವ ಅನ್ನಿಸಿತು. ಬೇರೆ ದಾರಿ ಇಲ್ಲದೆ ಪರದೆ ನೋಡಿದೆ. ಆ ಹೀರೋ ಮಗಳ ಶೂವಿನ ಲೇಸ್ ಕಟ್ಟುತ್ತಿದ್ದ. ಕಟ್ಟಿ ಆಯಿತು. ಮತ್ತೆ ಬಿಚ್ಚಿದ. ಮತ್ತೆ ಕಟ್ಟಿದ. ಅದು ಮೊದಲೇ ಸರಿಯಾಗಿತ್ತು. ಮಗಳು ಕಾಲು ಎಳೆದುಕೊಂಡಳು. ಅವನು ಬಿಡಲಿಲ್ಲ, ಇನ್ನೂ ಒಮ್ಮೆ ಕಟ್ಟಿದ. ಸುತ್ತ ಜನ ದೋಸೆಯ ನಗು ಮುಗಿಸಿ ಪಾಪ್‌ಕಾರ್ನಿಗೆ ಕೈ ಹಾಕುತ್ತಿದ್ದರು. ಮನೆ ಕಟ್ಟುವಷ್ಟು ದೊಡ್ಡ ಪರದೆಯಲ್ಲಿ ಆ ಸಣ್ಣ ಲೇಸನ್ನು ನೋಡಿದ್ದು ಬಹುಶಃ ಎರಡೇ ಜನ.

ನನ್ನ ಕಣ್ಣಿಗೂ ಏನೋ ಆಯಿತು. ಎಸಿ ಜಾಸ್ತಿ ಇತ್ತು.

ಕೊನೆಗೆ ಯುದ್ಧ ಬಂತು. ಎರಡೂ ಕೈ ಮೇಲೆ ಮಾಡಿದ. ಊರು ನಿಂತಿತು, ಅವನು ಬಿದ್ದ. ಇಡೀ ಥಿಯೇಟರ್ "ಅಯ್ಯೋ" ಎಂದಿತು. ಆ ಕಾಲೇಜು ಹುಡುಗ ಬಿಕ್ಕುತ್ತಿದ್ದ. ಮಾವ ಆರಾಮ. ಅವರದ್ದು ಆಗಲೇ ಅತ್ತು ಮುಗಿದಿತ್ತು. ಹುಡುಗನಿಗೆ ಬೈರಾಸು ಕೊಟ್ಟು "ಒರೆಸಿಕೊ ಮಗಾ" ಎಂದರು.

ಹೊರಗೆ ಬಂದು ಒಂದು ಹೋಟೆಲಿನಲ್ಲಿ ಗೋಳಿಬಜೆ, ಚಹಾ ಹೇಳಿದೆವು. ನಾನು ಮಾವನ ಕಡೆ ನೋಡದೆ ಚಹಾ ಆರಿಸುತ್ತಾ ಕೂತೆ.

"ಎಂತ ಮುಖ ಅದು? ನಾನು ಒಂದು ಶಬ್ದ ಹೇಳಿದ್ದೇನಾ?"

"ಬಾಯಲ್ಲಿ ಹೇಳಿಲ್ಲ. ಅತ್ತು ಹೇಳಿದ್ರಿ. ನನ್ನ ಸಿನಿಮಾ ಹಾಳು ಮಾಡಿದ್ರಿ ಮಾವ."

"ಹಾಳು ಹೇಗೆ ಆಗ್ತದೆ? ಆಟದಲ್ಲಿ ಯುದ್ಧಕ್ಕೆ ಹೋಗುವ ಹುಡುಗ ತಿರುಗಿ ಬರುದಿಲ್ಲ ಅಂತ ಸಣ್ಣ ಮಕ್ಕಳಿಗೂ ಗೊತ್ತುಂಟು. ಆದ್ರೂ ಅವ ತಾಯಿಯ ಹತ್ರ ಹೊರಡ್ತೇನೆ ಅನ್ನುವಾಗ ಒಬ್ಬರೂ ಏಳುದಿಲ್ಲ. ಯಾಕೆ?"

"ಅದು ಆಟ. ಇದು ಸಿನಿಮಾ."

"ಎಂತ ಸಿನಿಮಾ! ಗೊತ್ತಾದ ಕೂಡಲೇ ಹಾಳಾಗುದಾದ್ರೆ ಅದೆಂಥ ಕಥೆ ಮಾರಾಯ? ಹಾಲಾ ಅದು, ಒಡೆದು ಹೋಗ್ಲಿಕ್ಕೆ?" ಮಾವ ಗೋಳಿಬಜೆ ಚಟ್ನಿಗೆ ಅದ್ದಿದರು. "ದೀಪು ರಜೆಗೆ ಬಂದಿಳಿಯುವಾಗಲೇ ವಾಪಸು ಹೋಗುವ ಟಿಕೆಟ್ ಅವನ ಕಿಸೆಯಲ್ಲಿ ಉಂಟು. ದಿನ ಗೊತ್ತುಂಟು. ಹಾಗೆ ಅಂತ ಬರಬೇಡ ಅಂತ ಹೇಳುದಾ? ಅದು ಗೊತ್ತಿರುದಕ್ಕೇ ನಾನು ಅವ ಊಟ ಮಾಡುದನ್ನು ಸರಿಯಾಗಿ ನೋಡುದು. ಇಲ್ಲದಿದ್ರೆ ಯಾರು ನೋಡ್ತಾರೆ? ನೀನು ದಿನಾ ಊಟ ಮಾಡ್ತಿ, ನಾನು ನೋಡಿದ್ದೇನಾ?"

ಒಂದು ಗೋಳಿಬಜೆ ಉಳಿದಿತ್ತು, ಅದನ್ನೂ ಅವರೇ ತೆಗೆದುಕೊಂಡರು.

ಹೋಟೆಲಿನ ಹೊರಗೆ ನಿಂತು ದೀಪುವಿಗೆ ಫೋನ್ ಮಾಡಿದೆ.

"ಹೇಗಿತ್ತು ಭಾವ? ನಾನು ಒಂದೂ ಹೇಳ್ಲಿಲ್ಲ ನೋಡು!"

"ನೀನು ಮಾತಾಡಬೇಡ. ಮುಂದಿನ ಆದಿತ್ಯವಾರಕ್ಕೆ ಇನ್ನೆರಡು ಸೀಟು ಬುಕ್ ಮಾಡು."

"ಮತ್ತೊಮ್ಮೆಯಾ? ಅಷ್ಟು ಇಷ್ಟ ಆಯ್ತಾ?"

"ಇವತ್ತು ಸಿನಿಮಾ ನೋಡಿದ್ದು ನಿನ್ನ ಅಪ್ಪ. ನಾನು ನೋಡಿದ್ದು ನಿನ್ನ ಅಪ್ಪನ ಬಾಯಿ. ಸಿನಿಮಾ ನನಗಿನ್ನೂ ನೋಡ್ಲಿಕ್ಕೆ ಬಾಕಿ ಉಂಟು."

ಅಷ್ಟೇ. ಇನ್ನು ನನ್ನ ಹತ್ತಿರ ಹೇಳಲಿಕ್ಕೆ ಏನೂ ಇಲ್ಲ.